ಮೀನಿಗೆ ಔಷಧಿ ಹನಿಸುವ ಯಂತ್ರ

ಅಣ್ಣನ ಯಂತ್ರ ಕೆಟ್ಟಿರಲಿಲ್ಲ. ಈ ಒಂದು ಮಾತನ್ನು ಅವನಿದ್ದಾಗ ನಾನು ಹೇಳಲಿಲ್ಲ. ಇಲ್ಲಿ ನರಸೀಪುರದಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಸಾಕು, ಬಿಂದಿಗೆ ಹಿಡಿದ ಕೈ ನಿಂತುಬಿಡುತ್ತದೆ...

ಆಗ ನಾವು ನಂಜನಗೂಡಿನಲ್ಲಿದ್ದೆವು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮನೆಯಲ್ಲಿದ್ದೆ. ಅಣ್ಣ ಪಕ್ಕದ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಹೆಲ್ಪರ್. ಅಲ್ಲಿ ನೀರಿಗೆ ಔಷಧಿ ಅಳೆದು ಬಿಡುವ ಯಂತ್ರವನ್ನು ನೋಡಿ ನೋಡಿ, ಮನೆಯಲ್ಲಿದ್ದ ಗಾಜಿನ ಮೀನಿನ ತೊಟ್ಟಿಗೂ ಅಂಥದೊಂದನ್ನು ಕಟ್ಟಿದ. ಆಸ್ಪತ್ರೆಯ ಗ್ಲೂಕೋಸ್ ಬಾಟಲಿ, ಅದರ ಪೈಪು, ಗುಜರಿಯಿಂದ ತಂದ ಟೈಮರ್. ನಲ್ಲಿ ನೀರಿನಲ್ಲಿ ಮೀನಿಗೆ ವಿಷವಾಗುವ ಬ್ಲೀಚಿಂಗ್ ಅನ್ನು ಮುರಿಯುವ ಔಷಧಿ ಹೊತ್ತು ಹೊತ್ತಿಗೆ ಹನಿ ಹನಿಯಾಗಿ ತಾನೇ ಬೀಳುತ್ತಿತ್ತು. ತೊಟ್ಟಿಯ ನೀರು ತಗ್ಗಿದರೆ ಕೆಂಪು ಬಲ್ಬು ಹತ್ತುತ್ತಿತ್ತು.

"ಬಲ್ಬ್ ಅತ್ತಿದ್ರೆ ಒಂದ್ ಚೊಂಬು ನೀರು ಉಯ್ಯಿ, ಅಷ್ಟೇಯ. ಒಂದೇ ಸಲ ಸುರುದ್ಬುಟ್ಟೀಯ, ಮೀನು ಸತ್ತೋಯ್ತವೆ," ಎಂದು ಹೇಳಿಕೊಟ್ಟಿದ್ದ. ಆಮೇಲೆ ಜಡೆ ಎಳೆದು, "ನಿನ್ಗಿಂತ ಈ ಮಿಷಿನ್ನೇ ವಾಸಿ ಕಣೆ. ಯೋಳಿದಷ್ಟ್ ಮಾಡ್ತದೆ," ಎಂದು ನಕ್ಕಿದ್ದ.

ಭಾನುವಾರ ಫ್ಯಾಕ್ಟರಿಯ ಸಾಹೇಬರು ಅದನ್ನು ನೋಡಲು ಬರುವವರಿದ್ದರು. ಮೆಚ್ಚಿದರೆ ಅಣ್ಣನನ್ನು ಯಂತ್ರ ರಿಪೇರಿಯ ಕೆಲಸಕ್ಕೆ ಹಾಕಿಕೊಳ್ಳುವುದಾಗಿ ಹೇಳಿದ್ದರು.

ಅದಕ್ಕೆ ಮೂರು ದಿನ ಮುಂಚೆ ಸೂರ್ಯಗ್ರಹಣ. ಅಣ್ಣ ಡ್ಯೂಟಿಯಲ್ಲಿದ್ದ. ಗ್ರಹಣ ಬಿಟ್ಟ ಮೇಲೆ ಮನೆಯ ನೀರನ್ನೆಲ್ಲ ಚೆಲ್ಲಿ ಹೊಸದು ತುಂಬುವುದು ನಮ್ಮಲ್ಲಿ ರೂಢಿ.

"ಅಳೇ ನೀರು ಒಂದ್ ತೊಟ್ಟೂ ಇರಬಾರ್ದು ಕಣವ್ವ," ಎಂದು ಹೇಳಿ ಅವ್ವ ಹೊಳೆಗೆ ಸ್ನಾನಕ್ಕೆ ಹೋದಳು.

ಹಂಡೆ, ಕೊಡ, ಬಕೆಟ್ಟು ಎಲ್ಲ ಆದ ಮೇಲೆ ಮೀನಿನ ತೊಟ್ಟಿ ಕಣ್ಣಿಗೆ ಬಿತ್ತು. ಅಣ್ಣನ ಮಾತು ನೆನಪಿರಲಿಲ್ಲವೆಂದು ಹೇಳಲಾರೆ. ಯಂತ್ರ ಇದೆಯಲ್ಲ, ಅದೇ ನೋಡಿಕೊಳ್ಳುತ್ತದೆ ಅಂದುಕೊಂಡೆ. ಕರೆಂಟು ಹೊಡೆದೀತೆಂದು ಸ್ವಿಚ್ ಆರಿಸಿ, ನೀರು ಮೊಗೆದು ಚೆಲ್ಲಿ, ಕೊಡದಿಂದ ನಲ್ಲಿ ನೀರು ಸುರಿದೆ. ಸ್ವಿಚ್ ಹಾಕುವುದನ್ನು ಮರೆತೆ.

ಸಂಜೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು... ಹೊರಗೆ ಅಣ್ಣನ ಸೈಕಲ್ಲಿನ ಸದ್ದು. ಓಡಿಹೋಗಿ ಸ್ವಿಚ್ ಹಾಕಿದೆ.

ಅವನು ಬಾಟಲಿ ನೋಡಿದ, ಪೈಪು ಹಿಂಡಿ ನೋಡಿದ. "ನೀನೇನಾರ ಮುಟ್ಟಿದ್ಯಾ?"

"ಇಲ್ಲ ಕಣಣ್ಣ. ಮಿಷಿನ್ನೇ ಕೆಟ್ಟಿರ್ಬೇಕು."

ಅವನು ಸತ್ತ ಮೀನುಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕಿದ. "ನನ್ ಅಳತೆನೇ ತಪ್ಪೋಯ್ತು, ಬುಡು," ಎಂದ.

ಮಾರನೆಯ ದಿನ ಸಾಹೇಬರಿಗೆ ಬರಬೇಡಿ ಎಂದು ಹೇಳಿ ಬಂದ. ಯಂತ್ರವನ್ನು ಬಿಚ್ಚಿ ಗುಜರಿಗೆ ಹಾಕಿದ. ಹೆಲ್ಪರ್ ಆಗಿಯೇ ಉಳಿದ. ಮನೆಯ ಫ್ಯೂಸ್ ಹೋದರೂ ಆಮೇಲೆ ಬೇರೆಯವರನ್ನು ಕರೆಸುತ್ತಿದ್ದ.

ಮೊನ್ನೆ ಅಣ್ಣನ ವರ್ಷದ ಪೂಜೆಗೆ ನಂಜನಗೂಡಿಗೆ ಹೋಗಿದ್ದೆ. ಆ ಗಾಜಿನ ತೊಟ್ಟಿಯಲ್ಲಿ ಅತ್ತಿಗೆ ಈರುಳ್ಳಿ ತುಂಬಿಟ್ಟಿದ್ದರು. ಬಾಟಲಿ ನೇತುಹಾಕುತ್ತಿದ್ದ ಮೊಳೆ ಗೋಡೆಯಲ್ಲಿ ಹಾಗೇ ಇತ್ತು.

"ಏನಾರ ಮಾಡ್ಕೊಡಿ ಅಂದ್ರೆ, ನನ್ ಕೈ ಸರಿ ಇಲ್ಲ ಕಣೆ ಅನ್ನೋರು," ಎಂದರು ಅತ್ತಿಗೆ.

ನಾನು ಫೋಟೋದ ಮುಂದೆ ನಿಂತೆ. ಅತ್ತಿಗೆಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ: "ಸ್ವಿಚ್ ಆರ್ಸಿದ್ದು ನಾನು ಕಣಣ್ಣ. ನೀರು ಸುರಿದಿದ್ದೂ ನಾನೇ. ನಿನ್ ಅಳತೆ ಸರಿಯಾಗಿತ್ತು... ನಂದು ತಪ್ಪಾಯ್ತು."