ಹಿಟ್ಟಿಲ್ಲದ ಬಿಸ್ಕೀಟು

ಅಗಸಿ ಬೀಜ ಹುರಿಯುವ ವಾಸನೆ ನಿಮಗೆ ಗೊತ್ತೇ ಇರುತ್ತದೆ. ಮೊದಲು ಬಾಣಲೆಯಲ್ಲಿ ಚಿಟಿಚಿಟಿ ಸದ್ದು ಮಾತ್ರ, ಆಮೇಲೆ ಒಮ್ಮೆಲೇ ಮನೆಯೆಲ್ಲ ಘಮ್ಮೆನ್ನುತ್ತದೆ. ನಮ್ಮ ಕಡೆಯವರಿಗೆ ಆ ವಾಸನೆಗೆ ಅಗಸಿ ಹಿಂಡಿ ಅನ್ನುವ ಚಟ್ನಿಪುಡಿ, ಬಿಸಿ ರೊಟ್ಟಿ, ಬೆಣ್ಣೆ ನೆನಪಾಗಿ ಬಾಯಲ್ಲಿ ನೀರು ಬರುತ್ತದೆ. ನಾನು ಮಾತ್ರ ನಲ್ಲಿಯ ಕಡೆ ಓಡುತ್ತೇನೆ. ಮೊನ್ನೆ ಶನಿವಾರ ಬೆಳಿಗ್ಗೆ ಅಗಸಿ ಹುರಿಯುತ್ತ ನಿಂತವಳು, ಹುರಿದು ಇಳಿಸುವುದರೊಳಗೆ ಮೂರು ಸಲ ಕೈ ತೊಳೆದುಕೊಂಡೆ. ಕೈಗೆ ಏನೂ ಹತ್ತಿರಲಿಲ್ಲ. ಹತ್ತಿದ್ದರೆ ಎಂಬ ಯೋಚನೆ ಹತ್ತಿತ್ತು, ಅದು ಸೋಪಿಗೆ ಹೋಗುವಂಥದ್ದಲ್ಲ.

ಸೋಮವಾರ ಮಗಳು ಭಾಗ್ಯಶ್ರೀ, ಅಂದರೆ ನಮ್ಮ ಭಾಗಿ, ಕಲಬುರಗಿಯ ಹಾಸ್ಟೆಲ್ಲಿಗೆ ಹೋಗುವವಳಿದ್ದಳು. ಜೇವರ್ಗಿಯಿಂದ ಬಸ್ಸು ಹತ್ತಿದರೆ ತಾಸಿನ ದಾರಿ. ಆದರೂ ನಾನು ಅವಳನ್ನು ಸಮುದ್ರ ದಾಟಿಸುವವಳ ಹಾಗೆ ಹದಿನೈದು ದಿನದಿಂದ ಒದ್ದಾಡುತ್ತಿದ್ದೆ. ಎರಡು ಡಬ್ಬಿ ಬಿಸ್ಕೀಟು ತುಂಬಿ ಕೊಡಬೇಕಿತ್ತು. ಮನೆಗೆ ಹೊಸದಾಗಿ ಪುಟ್ಟ ಓವನ್ ಬಂದಿದೆ. ಅದರ ಬಾಯಿಗಿಂತ ಎರಡು ಬೆರಳು ಉದ್ದವಾದ ಹಳೆಯ ತಗಡಿನ ಟ್ರೇ ಒಂದನ್ನು, ಪೇಪರಿನಲ್ಲಿ ಸುತ್ತಿ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಸ್ವಂತ ಮನೆಯಲ್ಲಿ ಒಂದು ಟ್ರೇ ಬಚ್ಚಿಡುವ ಪ್ರಸಂಗ ಯಾಕೆ ಬಂತು ಎಂಬುದನ್ನು ಹೇಳಬೇಕಾದರೆ ಹನ್ನೊಂದು ವರ್ಷ ಹಿಂದೆ ಹೋಗಬೇಕು.

ಆಗ ಭಾಗಿಗೆ ಆರು ವರ್ಷ. ಊಟ ಮಾಡಿದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬುವುದು, ನೋವು, ಬೇಧಿ. ಓಣಿಯವರು ದೃಷ್ಟಿ ಅಂದರು, ಜಂತು ಅಂದರು, ಎಲ್ಲಕ್ಕೂ ಮದ್ದು ಮಾಡಿದ್ದಾಯಿತು. ಕೊನೆಗೆ ಕಲಬುರಗಿಯ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, ಹೊಟ್ಟೆಗೆ ಕೊಳವೆ ಇಳಿಸಿ ನೋಡಿ, ಗೋಧಿ ಈ ಮಗುವಿನ ಕರುಳಿಗೆ ಆಗಿಬರುವುದಿಲ್ಲ, ಜೀವನವಿಡೀ ಒಂದು ಕಣವೂ ಹೋಗಬಾರದು ಅಂದರು. ಚಪಾತಿ, ರವೆ, ಮೈದಾ, ಶಾವಿಗೆ ಎಲ್ಲ ಬಂದ್. ಮೂರು ತಿಂಗಳು ಬಿಟ್ಟು ಬನ್ನಿ, ತೂಕ ಏರಿರಬೇಕು, ಏರದಿದ್ದರೆ ಅಡ್ಮಿಟ್ ಮಾಡಿ ನೋಡೋಣ ಅಂದರು.

ಡಾಕ್ಟರು ಹೇಳಿದ್ದು ಗೋಧಿ ಒಂದನ್ನೇ. ಆದರೆ ನಾನು ಹೇಳಿದಷ್ಟಕ್ಕೆ ನಿಲ್ಲುವ ಪೈಕಿ ಅಲ್ಲ. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನಿಂದ ಮತ್ತೆ ಮನೆಗೆ ಬಂದು ಜಗ್ಗಿ ನೋಡುವವಳು ನಾನು. ಜೋಳ ತಿನ್ನಬಹುದು ಅಂದಿದ್ದರು ಡಾಕ್ಟರು. ಆದರೆ ಗಿರಣಿಯಲ್ಲಿ ನಮ್ಮ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬೀಸಿದ್ದರೆ? ಜೋಳ ಬಂದ್. ಸಜ್ಜೆಯೂ ಅದೇ ಗಿರಣಿಯದು, ಅದೂ ಬಂದ್. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ ಎಂದು ಓದಿದ ದಿನ ಒಗ್ಗರಣೆ ಡಬ್ಬಿಯನ್ನೇ ಅಂಗಳಕ್ಕೆ ಒಯ್ದು ತಿಕ್ಕಿದೆ. ನಮ್ಮ ಅತ್ತೆ ಅಟ್ಟದಿಂದ ಬೀಸುವ ಕಲ್ಲು ಇಳಿಸಿದರು. ಅವರದು ಆಳಂದದ ಕಡೆ, ಜಿಡಗಾ ಹತ್ತಿರದ ಊರು. ಕಲ್ಲು ಅವರ ತವರಿನಿಂದ ಬಂದದ್ದು.

"ಕೂಸಿಗಿ ಒಂದು ರೊಟ್ಟಿಗಾಗುವಷ್ಟು ನಾನೇ ಬೀಸ್ತೇನಿ. ಜ್ವಾಳ ಬಿಟ್ಟು ಹ್ಯಾಂಗ ಬೆಳೀತದವ್ವ ಕೂಸು?" ಅಂದರು.

"ಅತ್ತೀ, ಆ ಕಲ್ಲಿನ್ಯಾಗ ಮೊದ್ಲು ಗೋಧಿ ಬೀಸಿಲ್ಲೇನ್ರಿ?" ಅಂದೆ.

ಬೀಸದೆ ಇರುತ್ತಾರೆಯೇ. ಅವರು ಕಲ್ಲನ್ನು ಗೋಡೆಗೆ ಆನಿಸಿಟ್ಟರು.

ಹಾಗಾಗಿ ಮಗುವಿಗೆ ಅನ್ನ, ಬೇಳೆ, ಮೊಸರು, ಪಲ್ಯೆ. ಮನೆಯಲ್ಲಿ ಹೇಗೋ ನಡೆಯಿತು. ಕಷ್ಟವಾದದ್ದು ಸಾಲೆಯ ಸಣ್ಣ ಬಿಡುವಿನದು. ಅಲ್ಲಿ ಮಕ್ಕಳು ಬಿಸ್ಕೀಟು ಬಿಚ್ಚುತ್ತಾರೆ, ಇವಳು ಶೇಂಗಾ ತಿನ್ನುತ್ತ ಕೂರಬೇಕು. ಒಂದು ದಿನ ಗೆಳತಿ ಕೊಟ್ಟ ಅರ್ಧ ಬಿಸ್ಕೀಟನ್ನು ತಿನ್ನದೆ ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಗೆ ತಂದಿದ್ದಳು. "ಬರೇ ಮೂಸಿ ನೋಡ್ತೇನಿ ಅವ್ವಾ" ಅಂದಳು. ಅವತ್ತು ನಾನು ಹಠ ಹಿಡಿದೆ.

ಗಿರಣಿಯ ಮುಖ ನೋಡದ ಸಾಮಾನು ಏನೇನಿದೆಯೋ ಅದನ್ನೆಲ್ಲ ಕೂಡಿಸಿದೆ. ಅಗಸಿ, ಎಳ್ಳು, ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ, ಶೇಂಗಾ. ಹುರಿದು, ತರಿತರಿಯಾಗಿ ಕುಟ್ಟಿ, ಜೀರಿಗೆ, ಬೆಳ್ಳುಳ್ಳಿ, ಉಪ್ಪು ಹಾಕಿ ಬಿಸಿನೀರಿನಲ್ಲಿ ಕಲಸಿದರೆ ಅಗಸಿ ತಾನೇ ಲೋಳೆ ಬಿಟ್ಟು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ತೆಳ್ಳಗೆ ಲಟ್ಟಿಸಿ, ಚೌಕ ಚೌಕ ಕತ್ತರಿಸಿ ಹಂಚಿನ ಮೇಲೆ ಹಾಕಿದೆ. ಕೆಳಗೆ ಕರಕಲು, ಮೇಲೆ ಹಸಿ. ನಾಲ್ಕು ಸಲ ಮಾಡಿದರೂ ಅದೇ ಪಾಡು. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು, "ಭಟ್ಟಿ ಬೇಕವ್ವ ಇದಕ್ಕ. ರಸೂಲನ ಕಡಿ ಒಯ್ಯಿ" ಅಂದರು.

ರಸೂಲಣ್ಣನ ಬೇಕರಿ ನಮ್ಮ ಓಣಿ ದಾಟಿ ದೊಡ್ಡ ರಸ್ತೆಗೆ ಸೇರುವಲ್ಲಿ ಇತ್ತು. ನಮ್ಮ ಊರ ಕಡೆ ಬಿಸ್ಕೀಟು ಕೊಳ್ಳುವುದಕ್ಕಿಂತ ಮಾಡಿಸುವುದೇ ಹೆಚ್ಚು. ರಂಜಾನ್ ಬರಲಿ, ದೀಪಾವಳಿ ಬರಲಿ, ಮನೆಯಿಂದ ಮೈದಾ, ಸಕ್ಕರೆ, ತುಪ್ಪ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ, ಬೇಕರಿಯ ಮುಂದಿನ ಮರದ ಬಾಂಕಿನ ಮೇಲೆ ಪಾಳಿ ಹಚ್ಚಿ ಕೂರಬೇಕು. ಅವರ ತುಪ್ಪ ಇವರಿಗೆ ಹೋದೀತೆಂದು ಎಲ್ಲರ ಕಣ್ಣೂ ತಮ್ಮ ತಮ್ಮ ಡಬ್ಬಿಯ ಮೇಲೆ. ಮದುವೆ ಮಾತುಕತೆಗಳು ಕೂಡ ಆ ಬಾಂಕಿನ ಮೇಲೆ ನಡೆದದ್ದುಂಟು.

ನಾನು ಒಂದು ಭಾನುವಾರ ಚೌಕಗಳನ್ನು ತಾಟಿನಲ್ಲಿ ಜೋಡಿಸಿಕೊಂಡು ಹೋದೆ. ರಸೂಲಣ್ಣ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಹಿಟ್ಟೇ ಇಲ್ದ ಬಿಸ್ಕೀಟೇನ್ರಿ ಅಕ್ಕೋರ?"

"ಹೌದ್ರಿ ಅಣ್ಣಾ. ನಮ್ಮ ಹುಡುಗಿಗಿ ಗೋಧಿ ಆಗಂಗಿಲ್ಲ. ಇದ್ರಾಗ ಮೈದಾ ಗಿಯ್ದಾ ಏನೂ ಬೀಳಬಾರ್ದು ನೋಡ್ರಿ."

"ನೀವು ಬೇಫಿಕೀರ್ ಇರ್ರಿ. ಕೂಸಿಂದು ಅಂದ್ಮ್ಯಾಲ ನಾನು ಖುದ್ದ ನಿಂತು ಸುಡ್ತೇನಿ" ಅಂದ.

ನನಗೂ ಬೇಫಿಕೀರಿಗೂ ಎಲ್ಲಿಯ ನಂಟು. ತಾಟಿನ ಮೇಲೆ ಯಾರ ಹಿಟ್ಟೂ ಹಾರದಂತೆ ಸೆರಗು ಅಡ್ಡ ಹಿಡಿದುಕೊಂಡೇ ನಿಂತಿದ್ದೆ. ಅರ್ಧ ತಾಸಿಗೆ ಬಿಸ್ಕೀಟು ಬಂದವು, ಕಂದು ಬಣ್ಣ, ಒಂದೂ ಮುರಿದಿರಲಿಲ್ಲ, ಕಟುಂ ಅನ್ನುತ್ತಿದ್ದವು. ಮರುದಿನ ಭಾಗಿ ಸಾಲೆಗೆ ಒಯ್ದಳು. ನನ್ನ ಬಿಸ್ಕೀಟು ಎಲ್ಲರೂ ಬೇಡಿದರು, ನಾ ಯಾರಿಗೂ ಕೊಡಲಿಲ್ಲ ಎಂದು ಕುಣಿದಳು.

ಬುಧವಾರ, ನಾನು ಕಲಿಸುತ್ತಿದ್ದ ಇಜೇರಿಯ ಸಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬಂದಾಗ ಮಗು ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗಿತ್ತು. ಹಿಂದಿನದೆಲ್ಲ ತಿರುಗಿ ಬಂದಿತ್ತು. ತಪಾಸಣೆಗೆ ಉಳಿದದ್ದು ಹತ್ತೇ ದಿನ. ಯಜಮಾನರು ಆಗ ಅಫಜಲಪುರದಲ್ಲಿ ಕೆಲಸದಲ್ಲಿದ್ದರು, ಶನಿವಾರವೇ ಬರುವುದು. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರು. ಅವತ್ತು ಮುಂಜಾನೆ ಪಕ್ಕದ ಮನೆಯ ಕಾರ್ಯಕ್ಕೆ ಹೋಳಿಗೆ ಮಾಡಿಕೊಡಲು ಹೋಗಿದ್ದರು ಎಂಬುದು ನನಗೆ ಗೊತ್ತಿತ್ತು.

"ಏನ್ ತಿನ್ಸಿದ್ರಿ ಅತ್ತೀ?"

"ಮಸರನ್ನ ಕಲ್ಸಿ ಉಣ್ಸೇನವ್ವ. ಮತ್ತೇನಿಲ್ಲ."

"ಹೋಳ್ಗಿ ತಂದಿದ್ರೇನು? ಕೂಸು ಅಂಗಲಾಚಿರ್ತದ, ನಿಮ್ಮ ಜೀವ ಮಿಡ್ಕಿರ್ತದ. ಒಂದ್ ಚೂರ್ ಕೊಟ್ರ ಏನಾಗ್ತದಂತ ಕೊಟ್ಟಿರ್ತೀರಿ. ಅದ್ರ ಜೀವದ ಕೂಡ ಆಟ ಆಡ್ಬ್ಯಾಡ್ರಿ."

ಅಷ್ಟು ಮಾತು ನನ್ನ ಬಾಯಿಂದ ಬಂತು. ಅತ್ತೆ ತಿರುಗಿ ಬೈದಿದ್ದರೆ ಚೆನ್ನಾಗಿತ್ತು. ಅವರು ತಮ್ಮ ಎರಡೂ ಅಂಗೈ ನೋಡಿಕೊಂಡರು, ಆಮೇಲೆ ಎದ್ದು ಹಿತ್ತಲಿಗೆ ಹೋದರು.

ಗುರುವಾರ, ಶುಕ್ರವಾರ ನೋವು ಕಡಿಮೆಯಾಗಲಿಲ್ಲ. ನಾನು ಸಾಲೆಗೆ ರಜೆ ಹಾಕಿ ಮಗುವಿನ ಪಕ್ಕ ಕೂತೆ. ಬೇರೇನೂ ಕೊಡಲು ಧೈರ್ಯವಿಲ್ಲ, ಹಾಗಾಗಿ ನನಗೆ ನಂಬಿಕೆಯಿದ್ದ ಆ ಬಿಸ್ಕೀಟನ್ನೇ ಕೈಯಾರೆ ಕೊಡುತ್ತಿದ್ದೆ. ಭಾನುವಾರದ ಹೊತ್ತಿಗೆ ಡಬ್ಬಿ ಖಾಲಿಯಾಯಿತು. ಮತ್ತೆ ತಾಟು ಹಿಡಿದು ಬೇಕರಿಗೆ ಹೋದೆ. ಅವತ್ತು ಬಾಂಕಿನ ಮೇಲೆ ಜಾಗವಿರಲಿಲ್ಲ, ಒಳಗೆ ಭಟ್ಟಿಯ ಬಾಯಿಯ ಹತ್ತಿರವೇ ನಿಂತೆ. ರಸೂಲಣ್ಣ ಟ್ರೇ ಕೆಳಗಿಳಿಸಿದ. ಪಕ್ಕದ ಚೀಲಕ್ಕೆ ಕೈ ಹಾಕಿದ. ಒಂದು ಹಿಡಿ ಬಿಳಿ ಹಿಟ್ಟನ್ನು, ಅಂಗಳಕ್ಕೆ ರಂಗೋಲಿ ಉದುರಿಸುವಷ್ಟು ಸಲೀಸಾಗಿ, ಟ್ರೇಯ ತುಂಬ ಉದುರಿಸಿದ.

"ಅಣ್ಣಾ, ಅದೇನ್ರಿ?"

"ಮೈದಾರಿ."

"ಮೈದಾ ಬೀಳಬಾರ್ದು ಅಂದಿದ್ನಲ್ರಿ."

"ಅದು ಬಿಸ್ಕೀಟಿಗಲ್ರಿ ಅಕ್ಕೋರ, ಟ್ರೇಕ್ಕ. ತಳ ಹತ್ತಬಾರ್ದಲ್ಲ. ಕೂಸಿನ ಬಿಸ್ಕೀಟು ಮುರೀಬಾರ್ದಂತ ಹೋದ್ವಾರ ಜರಾ ಜಾಸ್ತೀನೇ ಹಾಕಿದ್ದೆ."

ನಲವತ್ತು ವರ್ಷ ಭಟ್ಟಿಯ ಮುಂದೆ ನಿಂತವನಿಗೆ ಟ್ರೇಯ ಮೇಲಿನ ಮೈದಾ ಸಾಮಾನಿನ ಲೆಕ್ಕಕ್ಕೇ ಇಲ್ಲ. ಅದು ಒರೆಸುವ ಬಟ್ಟೆ ಇದ್ದ ಹಾಗೆ, ಕೆಲಸದ ಒಂದು ರೂಢಿ. ನಾನು ಕಾವಲು ಕಾದದ್ದು ನನ್ನ ತಾಟನ್ನು, ಅವನ ಟ್ರೇಯನ್ನಲ್ಲ. ಮಗುವಿಗೆ ಆದದ್ದನ್ನು ಹೇಳಿದೆ. ರಸೂಲಣ್ಣ ಆ ಮೈದಾ ಚೀಲದ ಮೇಲೆಯೇ ಕೂತುಬಿಟ್ಟ. "ನನ್ನ ಕೈಲಿ ಹಿಂಗಾತಲ್ರಿ" ಅಂದ, ಅಷ್ಟೆ.

ಮುಂದಿನ ವಾರ ಹೋದರೆ ಹೊಸ ತಗಡು ಕತ್ತರಿಸಿ ಒಂದು ಟ್ರೇ ಮಾಡಿಸಿಟ್ಟಿದ್ದ. ಅಂಚಿನಲ್ಲಿ ಮೊಳೆಯಿಂದ ಚುಕ್ಕೆ ಚುಕ್ಕೆ ಹೊಡೆದು 'ಭಾಗಿ' ಎಂದು ಬರೆದಿದ್ದ. ಅದನ್ನು ತೂಗುಹಾಕಲು ಬೇರೆ ಗೂಟ, ಒರೆಸಲು ಬೇರೆ ಬಟ್ಟೆ. ಮುಂಜಾನೆ ಮೈದಾ ಚೀಲದ ಬಾಯಿ ಬಿಚ್ಚುವ ಮುಂಚೆ ಮೊದಲ ಬಿಸಿಗೆ ನಮ್ಮ ಬಿಸ್ಕೀಟು. ಹನ್ನೊಂದು ವರ್ಷ ಅವನು ಇದನ್ನು ಒಂದು ಸಲವೂ ತಪ್ಪಿಸಲಿಲ್ಲ. ಭಾಗಿಯ ತೂಕ ಮೊದಲ ತಪಾಸಣೆಗೆ ಏರಲಿಲ್ಲ, ಡಾಕ್ಟರು ಇನ್ನೊಂದು ತಿಂಗಳು ಕೊಟ್ಟರು. ಆ ತಿಂಗಳು ಏರಿತು. ನಾನು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಇನ್ನು ಮನೆಯ ವಿಷಯ. ಬೇಕರಿಯಿಂದ ಬಂದ ಅವತ್ತೇ ಅತ್ತೆಗೆ ಹೇಳಬೇಕಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದೆ. ಅವರು ಕಟ್ಟೆಯ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಮುಖ ನೋಡಿದ ಕೂಡಲೇ ನಾಚಿಕೆಯಾಗಿ, ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಎನ್ನುವುದು ನನ್ನಂಥವರಿಗೆ ಬಲು ಅನುಕೂಲದ ದಿನ. ತಡವಾದಷ್ಟೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಬೇಕಾಯಿತು. ಬರಬರುತ್ತ ಮನೆಯಲ್ಲಿ ಎಲ್ಲ ಸರಿಹೋಯಿತು. ಬೀಸುವ ಕಲ್ಲನ್ನು ತೊಳೆದು ಅತ್ತೆಯೇ ಜೋಳ ಬೀಸಿಕೊಟ್ಟರು, ಭಾಗಿ ರೊಟ್ಟಿ ತಿಂದು ಬೆಳೆದಳು. ಆದರೆ ಮೊದಲು ಮೊಮ್ಮಗಳಿಗೆ ತುತ್ತು ಮಾಡಿ ಬಾಯಿಗಿಡುತ್ತಿದ್ದ ಅತ್ತೆ, ಆಮೇಲೆ ಒಂದು ತುತ್ತೂ ಉಣಿಸಲಿಲ್ಲ. ಹಬ್ಬದ ದಿನ ಕೂಡ ತಾಟು ಸರಿಸಿ, "ನಿಮ್ಮವ್ವನ ಕೇಳಿ ತಿನ್ನು" ಅನ್ನುತ್ತಿದ್ದರು. ಪ್ರತಿ ಭಾನುವಾರ ಉಗುರು ಮಾಂಸಕ್ಕೆ ಹತ್ತುವಷ್ಟು ಕತ್ತರಿಸಿಕೊಳ್ಳುತ್ತಿದ್ದರು. ವಯಸ್ಸಾದವರಿಗೆ ಒಂದೊಂದು ಚಟ ಅಂದುಕೊಂಡಿದ್ದೆ. ಉಣಿಸದಿರುವುದನ್ನು ಮಾತ್ರ ನನ್ನ ಮೇಲಿನ ಸಿಟ್ಟು ಎಂದೇ ತಿಳಿದಿದ್ದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ತಲೆ ತಗ್ಗಿಸುತ್ತಿದ್ದೆ.

ಕಳೆದ ವಾರ ರಸೂಲಣ್ಣ ಕೋಲೂರಿಕೊಂಡು ಮನೆಗೆ ಬಂದ. ಅವನ ಮಕ್ಕಳು ಬೇಕರಿಯ ಭಟ್ಟಿ ಕೆಡವಿ ಕರೆಂಟಿನದು ಹಾಕಿಸುತ್ತಿದ್ದಾರಂತೆ. "ಇದು ನಿಮ್ಮ ಅಮಾನತ್ರಿ ಅಕ್ಕೋರ, ಇಷ್ಟು ದಿನ ಜ್ವಾಕಿಲೆ ಇಟ್ಟಿದ್ದೆ" ಎಂದು ಟ್ರೇ ಕೊಟ್ಟ. ನನ್ನ ಪುಣ್ಯಕ್ಕೆ ಅತ್ತೆ ಜಿಡಗಾ ಮಠಕ್ಕೆ ಹೋಗಿದ್ದರು. ಅವರು ಬರುವುದರೊಳಗೆ ಟ್ರೇ ಅಕ್ಕಿ ಡಬ್ಬದ ಹಿಂದೆ ಸೇರಿತು.

ಮೊನ್ನೆ ಶನಿವಾರ ನಾನು ಹೊಸ ಓವನ್ನಿನ ಮುಂದೆ ಬಗ್ಗಿ ನಿಂತಿರುವಾಗ, ಅಕ್ಕಿ ತೆಗೆಯಲು ಹೋದ ಅತ್ತೆ ಅದನ್ನು ಎಳೆದು ತಂದರು. ಪೇಪರು ಬಿಚ್ಚಿ, ಚುಕ್ಕೆಗಳ ಮೇಲೆ ಬೆರಳಾಡಿಸಿದರು.

"ಇದ್ರ ಮ್ಯಾಲ ನಮ್ಮ ಭಾಗಿ ಹೆಸ್ರು ಯಾಕ ಹೊಡ್ದಾರ?"

ಒಂದು ಸುಳ್ಳು ತಯಾರಿತ್ತು. ಗುರುತಿಗೆ ಅಂದರೆ ಮುಗಿಯುತ್ತಿತ್ತು. ಆದರೆ ಸೋಮವಾರ ಭಾಗಿ ಹೋಗುತ್ತಾಳೆ, ಅತ್ತೆಗೆ ಎಪ್ಪತ್ತೈದು ದಾಟಿದೆ. ನನ್ನ ನಾಳೆಗಳು ತೀರಿಹೋಗಿದ್ದವು. ಓವನ್ನಿಗೆ ಮುಖ ಮಾಡಿಕೊಂಡೇ ಎಲ್ಲ ಹೇಳಿದೆ. ಮೈದಾ, ಚೀಲ, ನಾನೇ ಡಬ್ಬಿ ತುಂಬಿ ಕಳಿಸಿದ್ದು. "ನಿಮ್ದೇನೂ ತಪ್ಪಿದ್ದಿಲ್ರಿ ಅತ್ತೀ. ನನಗ ಅದೇ ವಾರ ಗೊತ್ತಾಗಿತ್ತು. ಹೇಳ್ಲಿಲ್ಲ" ಅಂದೆ.

ತಿರುಗಿ ನೋಡಿದರೆ ಟ್ರೇ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು.

"ಅಂದ್ರ ನನ್ನ ಕೈ ಅಲ್ಲೇನು?"

"ಏನ್ ಕೈರಿ?"

"ಅವತ್ತು ಹೋಳ್ಗಿ ಕಣಕ ನಾದಿದ್ದೆ. ಕೈ ತೊಳ್ಕೊಂಡೇ ಬಂದಿದ್ನವ್ವ. ಮತ್ತ ಕೂಸಿಗಿ ಕಲ್ಸಿ ಉಣ್ಸಿದ್ದೆ. ಉಗುರ ಸಂದ್ಯಾಗ ಹಿಟ್ಟು ಉಳ್ದಿತ್ತೇನೋ, ನಾನೇ ನನ್ನ ಕೈಯಿಂದ ಹಾಕ್ದೆನೇನೋ ಅಂತ. ನೀ ಬೈದಿದ್ದು ಖರೇನೇ ಅಂತ ತಿಳ್ಕೊಂಡಿದ್ದೆ."

ಹನ್ನೊಂದು ವರ್ಷ ನಾನು ಸಿಟ್ಟು ಎಂದುಕೊಂಡದ್ದು ಸಿಟ್ಟಾಗಿರಲಿಲ್ಲ. ಬೀಗ ಜಗ್ಗಿ ನೋಡುವ ನನ್ನ ರೋಗವೇ ಅವರಿಗೂ ಹತ್ತಿತ್ತು, ಹತ್ತಿಸಿದವಳು ನಾನು. ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರ ಪಕ್ಕ ಕೂತು ಕೈ ಹಿಡಿದುಕೊಂಡೆ. ಉಗುರಿನ ಜಾಗದಲ್ಲಿ ಉಗುರು ಹೆಸರಿಗಷ್ಟೇ ಇತ್ತು. ತಪ್ಪಾಯಿತು ಅನ್ನಲು ಹೋದೆ.

ಅಷ್ಟರಲ್ಲಿ ಓವನ್ನಿನಿಂದ ಸೀದ ವಾಸನೆ ಬಂತು. ಒಂದು ಅಂಚು ಕರಕಲಾಗಿತ್ತು, ಉಳಿದವು ಪರವಾಗಿಲ್ಲ. ಅತ್ತೆ ಎದ್ದು ಕೈ ತೊಳೆದರು. ಒರೆಸಿಕೊಂಡರು. ಮತ್ತೆ ನಲ್ಲಿ ಬಿಟ್ಟು ತೊಳೆಯತೊಡಗಿದರು.

"ಸಾಕು ಬರ್ರಿ ಅತ್ತೀ" ಅಂದೆ.

ಅವರು ಒಂದು ಬಿಸ್ಕೀಟು ಮುರಿದು, ಊದಿ ಆರಿಸಿ, ಬಾಗಿಲಾಚೆ ಹಾಸ್ಟೆಲ್ಲಿನ ಬಟ್ಟೆ ಮಡಿಚುತ್ತ ಕೂತಿದ್ದ ಭಾಗಿಯ ಬಾಯಿಯ ಹತ್ತಿರ ಹಿಡಿದರು. ಸೋಮವಾರದಿಂದ ಅಲ್ಲಿ ಯಾವ ಕೈ, ಯಾವ ಟ್ರೇ, ಯಾರು ನೋಡುತ್ತಾರೋ ಎಂಬ ಭಯ ನನಗೆ ಹಾಗೆಯೇ ಇತ್ತು, ಈಗಲೂ ಇದೆ. ಭಾಗಿ ರೂಢಿಯಂತೆ ನನ್ನ ಮುಖ ನೋಡಿದಳು.

"ನನ್ನ ಯಾಕ ನೋಡ್ತಿ?" ಅಂದೆ. "ಬಾಯಿ ತೆರಿ."