ಹಿಂದಿನ ಸೀಟಿನಲ್ಲಿ ಕೂತ ಹೊಳೆಗಲ್ಲು

ಹೋದ ಭಾನುವಾರ ನನ್ನ ಕಾರಿನಲ್ಲಿ ಒಂದು ಕಲ್ಲು ಪ್ರಯಾಣ ಮಾಡಿತು. ಡಿಕ್ಕಿಯಲ್ಲಲ್ಲ. ಹಿಂದಿನ ಸೀಟಿನಲ್ಲಿ, ನನ್ನ ಬಸುರಿ ಮಗಳ ಪಕ್ಕದಲ್ಲಿ, ಹಣೆಗೆ ಕುಂಕುಮ ಇಟ್ಟುಕೊಂಡು.

ನಗಬೇಡಿ. ಆ ಕಲ್ಲಿಗೆ ಸಿಕ್ಕ ಮರ್ಯಾದೆ ನಮ್ಮ ಕಡೆ ಎಷ್ಟೋ ಅಳಿಯಂದಿರಿಗೂ ಸಿಕ್ಕಿಲ್ಲ.

ಮೊದಲಿಂದ ಹೇಳುತ್ತೇನೆ. ನನ್ನ ಮಗಳು ಪವಿತ್ರಾಳನ್ನು ಹರಪನಹಳ್ಳಿಗೆ ಕೊಟ್ಟಿದೆ. ಚೊಚ್ಚಲ ಬಸುರಿ. ಶನಿವಾರ ಬೀಗರ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮುಗಿಯಿತು. ನಾವು ಒಯ್ದ ಬುತ್ತಿ ಊರೆಲ್ಲ ಹಂಚಿಯಾಯಿತು. ನಮ್ಮ ಕಡೆಯವರೆಲ್ಲ ಟೆಂಪೋ ಹತ್ತಿ ಕೊಟ್ಟೂರಿಗೆ ವಾಪಸು ಹೋದರು. ಬಟ್ಟೆ ಅಂಗಡಿ ತೆಗೆಯಬೇಕೆಂದು ನಮ್ಮ ಯಜಮಾನರೂ ಹೋದರು. ಮಗಳನ್ನು ಹೆರಿಗೆಗೆ ಕರೆತರಲು ಉಳಿದವರು ನಾನು ಮತ್ತು ನನ್ನ ನಾದಿನಿ, ಚಿಗಟೇರಿಯ ಗಿರಿಜಕ್ಕ. ಕಾರು ಓಡಿಸುವುದು ನಾನು. (ಹೌದು, ನಾನೇ. ಐವತ್ತು ದಾಟಿದ ಹೆಂಗಸು ಸ್ಟೀರಿಂಗ್ ಹಿಡಿದರೆ ನಮ್ಮ ಬಜಾರದಲ್ಲಿ ಎಮ್ಮೆಗಳೂ ಒಮ್ಮೆ ತಿರುಗಿ ನೋಡುತ್ತವೆ. ಅಭ್ಯಾಸವಾಗಿದೆ.)

ಮಗಳನ್ನು ಕೂರಿಸಿಕೊಂಡು ಬರಬೇಕು ಅಂತ ಹಿಂದಿನ ವಾರವೇ ಹಗರಿಬೊಮ್ಮನಹಳ್ಳಿಯ ಗ್ಯಾರೇಜಿಗೆ ಹೋಗಿ ಬ್ರೇಕ್ ಪ್ಯಾಡ್ ಬದಲಿಸಿಕೊಂಡು ಬಂದಿದ್ದೆ. ಟೈರು ತೋರಿಸಿದ್ದೆ. ವೈಪರ್ ಹಾಕಿಸಿದ್ದೆ.

"ಹರಪನಹಳ್ಳಿಗೆ ಹೋಗಾಕ ಇಷ್ಟೆಲ್ಲ ಬೇಕೇನು? ವಿಮಾನ ಹೊಡ್ಯಾಕ ಹೊಂಟಿಯೇನು?" ಅಂದರು ಯಜಮಾನರು.

ಅವರದೇ ಒಂದು ಪದ್ಧತಿ ಇದೆ. ಮೈಲಾರಕ್ಕೆ ಹೋಗಿ ಬಂದಾಗಲೆಲ್ಲ ಬಾನೆಟ್ ಮೇಲೆ ಭಂಡಾರದ ಅರಿಸಿನ ಬೀಳಬೇಕು. ಅಮಾವಾಸ್ಯೆಗೆ ತೆಂಗಿನಕಾಯಿ ಒಡೆಯಬೇಕು. ಟೈರಿನ ಗಾಳಿ? ಅದನ್ನು ಅವರು ಬೂಟಿನಿಂದ ಒಮ್ಮೆ ಒದ್ದು ತಿಳಿದುಕೊಳ್ಳುತ್ತಾರೆ. ಎಂಜಿನ್ ಆಯಿಲ್? "ದೇವರು ಅದಾನ ಬಿಡು." ದೇವರು ಇದ್ದಾನೆ, ನಿಜ. ಆದರೆ ಆಯಿಲ್ ಬದಲಿಸುವುದು ಅವನ ಕೆಲಸವೇ?

ಇರಲಿ. ಭಾನುವಾರ ಬೆಳಿಗ್ಗೆ ಬೀಗರು ನನ್ನ ಕಾರು ತುಂಬತೊಡಗಿದರು. ಕಾರಿನಲ್ಲಿ ಎಷ್ಟು ಭಾರ ಹೇರಬೇಕು ಅಂತ ಕಂಪನಿಯವರು ಪುಸ್ತಕದಲ್ಲಿ ಅಚ್ಚು ಹಾಕಿ ಕೊಟ್ಟಿರುತ್ತಾರೆ. ಪಾಪ, ಅವರು ನಮ್ಮ ಬೀಗರನ್ನು ನೋಡಿಲ್ಲ. ಶೇಂಗಾ ಹೋಳಿಗೆಯ ಡಬ್ಬಿ, ಖಡಕ್ ರೊಟ್ಟಿಯ ಗಂಟು, ಅಕ್ಕಿ ಚೀಲ, ಬೆಲ್ಲದ ಪೆಂಟಿ, ಕೊನೆಗೆ ಹಿತ್ತಾಳೆ ಕೊಡ. ಆ ಕೊಡವನ್ನು ಬೀಗತಿ ನೇರವಾಗಿ ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಪ್ರತಿಷ್ಠಾಪಿಸಿದರು. ಸರಿಯಾಗಿ ನನ್ನ ಮಗಳ ತಲೆಯ ಹಿಂದೆ.

"ಅಲ್ಲಿ ಬ್ಯಾಡ್ರಿ. ಬ್ರೇಕ್ ಹಾಕಿದ್ರ ಹಾರಿ ಬಂದು ತಲಿಗೆ ಬಡಿತೈತಿ. ಹಿಂದ ಏನು ಬರ್ತೈತಿ ಅಂತ ನನಗೂ ಕಾಣಂಗಿಲ್ಲ," ಅಂದೆ.

"ಹಿಂದ ಯಾಕ ನೋಡ್ಬೇಕ್ರಿ? ನೀವು ಮುಂದ ಹೋಗೋರು!"

ಎಲ್ಲವನ್ನೂ ನಾನೇ ಇಳಿಸಿದೆ. ಅಕ್ಕಿ ಚೀಲ ಡಿಕ್ಕಿಯ ತಳಕ್ಕೆ, ಸೀಟಿಗೆ ಒತ್ತಿಕೊಂಡಂತೆ. ಕೊಡ ಅದರ ಪಕ್ಕಕ್ಕೆ, ಅಲ್ಲಾಡದಂತೆ ಹಳೇ ಕೌದಿ ತುರುಕಿ. ಹಗುರದ್ದು ಮೇಲಕ್ಕೆ. ಬೀಗರ ಮನೆಯವರು ಕಟ್ಟೆಯ ಮೇಲೆ ಸಾಲಾಗಿ ಕೂತು ನೋಡಿದರು. ಹುಚ್ಚಿಯೊಬ್ಬಳು ಸಂಸಾರ ಹೂಡುವುದನ್ನು ನೋಡಿದ ಹಾಗೆ.

ಆಮೇಲೆ ಬೆಲ್ಟಿನ ಜಗಳ. ಗಿರಿಜಕ್ಕ ಮುಂದೆ ನನ್ನ ಪಕ್ಕ, ಪವಿತ್ರಾ ಹಿಂದಿನ ಸೀಟಿನಲ್ಲಿ ಎಡಗಡೆ ಕೂತಳು. ನಾನು ಬೆಲ್ಟ್ ಎಳೆದೆ. ಬೀಗತಿ ಓಡಿ ಬಂದರು.

"ಅಯ್ಯ, ಬಸುರಿಗೆ ಪಟ್ಟಿ ಕಟ್ತಾರೇನ್ರಿ? ಕೂಸಿಗೆ ಉಸಿರು ಕಟ್ಟಂಗಿಲ್ಲೇನು?"

ಡಾಕ್ಟರಮ್ಮ ತೋರಿಸಿಕೊಟ್ಟಿದ್ದನ್ನೇ ನಾನು ಮಾಡಿ ತೋರಿಸಿದೆ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ, ತೊಡೆಗೆ ಅಂಟಿಕೊಂಡಂತೆ. ಮೇಲಿನ ಪಟ್ಟಿ ಎದೆಯ ನಡುವೆ ಹಾದು, ಹೊಟ್ಟೆಯ ಬದಿಗೆ. ಬೀಗತಿ ಮುಖ ತಿರುಗಿಸಿದರು. ಅವರನ್ನೊಬ್ಬರನ್ನೇ ಯಾಕೆ ಅನ್ನಲಿ? ಕೂಡ್ಲಿಗಿಯ ನನ್ನ ಗೆಳತಿಯ ಗಂಡ, ಚೆನ್ನಾಗಿ ಓದಿದ ಮನುಷ್ಯ. ಬೆಲ್ಟ್ ಹಾಕದಿದ್ದರೆ ಪೀಂ ಪೀಂ ಅನ್ನುತ್ತದಲ್ಲ, ಅದು ಕಿರಿಕಿರಿ ಅಂತ ಪಟ್ಟಿಯಿಲ್ಲದ ಬರೀ ಕೊಂಡಿಯೊಂದನ್ನು ತಂದು ಬೆಲ್ಟಿನ ಜಾಗಕ್ಕೆ ಸಿಕ್ಕಿಸಿದ್ದಾನೆ. ಕಾರಿಗೆ ಟೋಪಿ ಹಾಕಿದೆ ಅಂತ ಹೆಮ್ಮೆ ಬೇರೆ. ಗುದ್ದಿದಾಗ ಸಾಯುವುದು ಕಾರಲ್ಲ ಮಾರಾಯ!

ಇನ್ನೇನು ಕೀಲಿ ತಿರುಗಿಸಬೇಕು, ಮನೆಯೊಳಗಿನಿಂದ ಒಂದು ದನಿ.

"ಎಷ್ಟು ಮಂದಿ ಹೊಂಟೀರಿ?"

ಬೀಗತಿಯ ಅತ್ತೆ. ಹಡಗಲಿ ಕಡೆಯ ಮಾಗಳದ ಹೆಣ್ಣುಮಗಳು. ಮನೆಯವರೆಲ್ಲ ಅವರನ್ನು ಮಾಗಳದಜ್ಜಿ ಅಂತಲೇ ಕರೆಯುತ್ತಾರೆ. ಅವರ ಮಾತಿಗೆ ಆ ಮನೆಯಲ್ಲಿ ಅಪೀಲು ಇಲ್ಲ.

"ಮೂರು ಮಂದಿ ಅಜ್ಜಿ," ಅಂದೆ.

ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಗೇ ಲೊಚಗುಟ್ಟಿದರು. ಗೊತ್ತಲ್ಲ, ಶುಭಕಾರ್ಯಕ್ಕೆ ಮೂವರು ಹೊರಡಬಾರದು. ಮೂವರು ಹೋದರೆ ಕೆಲಸ ಕೆಡುತ್ತದೆ. ಟೈರು ಬೋಳಾಗಿದ್ದರೆ ಕೆಡುವುದಿಲ್ಲ. ಫೋನಿನಲ್ಲಿ ಮಾತಾಡುತ್ತ ಓಡಿಸಿದರೆ ಕೆಡುವುದಿಲ್ಲ. ಮೂವರಿದ್ದರೆ ಮಾತ್ರ ಕೆಡುತ್ತದೆ. ನಾಲ್ಕನೆಯವರಾಗಿ ಅಳಿಯನನ್ನು ಕಳಿಸೋಣವೆಂದರೆ ಅವನು ಡ್ಯೂಟಿಗೆ ಹೋಗಿಯಾಗಿತ್ತು.

ಗಿರಿಜಕ್ಕ ಒಂದು ದಾರಿ ಹುಡುಕಿದಳು. "ಹೊಟ್ಟ್ಯಾಗಿನ ಕೂಸು ಸೇರಿದ್ರ ನಾಲ್ಕಾತಲ್ಲ?"

ಸಭೆಯಲ್ಲಿ ಚರ್ಚೆ ಎದ್ದಿತು. ಕೂಸು ಲೆಕ್ಕಕ್ಕೆ ಬರುತ್ತದೆ ಅಂತ ಕೆಲವರು. ಇನ್ನೂ ಭೂಮಿಗೆ ಬಂದಿಲ್ಲವಲ್ಲ ಅಂತ ಕೆಲವರು. ಹೊರಗೆ ಬಿಸಿಲೇರುತ್ತಿತ್ತು. ಮಗಳು ಕಾರಿನೊಳಗೆ ಬೇಯುತ್ತಿದ್ದಳು. ಕೊನೆಗೆ ಅಜ್ಜಿ ತೀರ್ಪು ಕೊಟ್ಟರು.

"ಹುಟ್ಟಿದ ಮ್ಯಾಲ ಲೆಕ್ಕ. ಕಲ್ಲು ತಗೊಂಡು ಹೋಗ್ರಿ."

ಮೂವರಿದ್ದಾಗ ನಾಲ್ಕನೆಯವರ ಬದಲು ಕಲ್ಲು ಒಯ್ಯುವುದು ನಮ್ಮಲ್ಲಿ ಹೊಸದಲ್ಲ. ಹಿಂದೆ ಸೆರಗಿನಲ್ಲೊಂದು ಹರಳು ಕಟ್ಟಿಕೊಂಡು ನಡೆಯುತ್ತಿದ್ದರು, ಯಾರಿಗೂ ತೊಂದರೆಯಿರಲಿಲ್ಲ. ಇಲ್ಲಿ ಬಂದದ್ದು ಹರಳಲ್ಲ. ಅಜ್ಜಿ ತವರಿನ ಹೊಳೆಯಿಂದ ತಂದಿಟ್ಟುಕೊಂಡ ನುಣ್ಣನೆಯ ಗುಂಡುಕಲ್ಲು. ದೊಡ್ಡ ರವೆ ಉಂಡೆಯಷ್ಟು. ತೊಳೆದು ಕುಂಕುಮ ಹಚ್ಚಿ ತಂದರು.

"ಡಿಕ್ಕಿಯೊಳಗ ಇಡ್ತೀನಿ ತರ್ರಿ," ಅಂದೆ.

"ಮನುಷ್ಯಾರ ಲೆಕ್ಕಕ್ಕ ಹೊಂಟೈತಿ. ಮನುಷ್ಯಾರನ್ನ ಡಿಕ್ಕ್ಯಾಗ ಹಾಕ್ತೀರೇನು?"

"ಹಂಗಾರ ಮುಂದಿನ ಡಬ್ಬ್ಯಾಗ..."

"ಬಾಯಿ ಮುಚ್ಚಿದ ಡಬ್ಬ್ಯಾಗ ಉಸಿರು ಹೆಂಗ ಆಡ್ತೈತಿ?"

ತರ್ಕ ನೋಡಿ! ಕೂಸಿಗೂ ಉಸಿರು ಕಟ್ಟುತ್ತದೆ, ಕಲ್ಲಿಗೂ ಉಸಿರು ಕಟ್ಟುತ್ತದೆ. ಆ ಮನೆಯಲ್ಲಿ ಉಸಿರು ಕಟ್ಟದೆ ಇದ್ದದ್ದು ಮಾತಿಗೆ ಮಾತ್ರ. "ಸೀಟಿನ ಮ್ಯಾಲ ಕೂಡ್ರಸ್ರಿ," ಎಂದರು ಅಜ್ಜಿ. ಕೂರಿಸಿದೆವು, ನನ್ನ ಸೀಟಿನ ಹಿಂದೆ. ಅದಕ್ಕೂ ಬೆಲ್ಟ್ ಹಾಕಲೇ ಅಂತ ಕೇಳಿದೆ. ನನ್ನ ಕುಹಕ ಯಾರಿಗೂ ತಾಗಲಿಲ್ಲ. "ಕಲ್ಲಿಗೆ ಏನಾಗ್ತೈತಿ ಬಿಡ್ರಿ," ಅಂದರು ಬೀಗತಿ.

ಸರಿಯಾಗಿ ಹೇಳಿದ್ದರು. ಕಲ್ಲಿಗೆ ಏನೂ ಆಗಲಿಲ್ಲ.

ಕೊಡಕ್ಕೆ ಕೌದಿ ತುರುಕಿದ ಜಾಣೆ ನಾನು, ಅಷ್ಟು ದೊಡ್ಡ ಕಲ್ಲನ್ನು ಹಾಗೇ ಬಿಟ್ಟು ಹೊರಟೆ. ಯಾಕೆ? ಬೀಗರು. ಮಗಳನ್ನು ಕೊಟ್ಟ ಮನೆ. ಕೊಡ, ಬೆಲ್ಟು ಅಂತ ಎರಡು ಜಗಳ ಗೆದ್ದಾಗಿತ್ತು, ಮೂರನೆಯದನ್ನು ಸೋತು ಬರುವುದು ಮರ್ಯಾದೆ ಅನ್ನಿಸಿತು. ನಮ್ಮ ಕಡೆ ಹೆಣ್ಣು ಕೊಟ್ಟವರು ಸ್ಟೀರಿಂಗ್ ಹಿಡಿದಿದ್ದರೂ ಹಿಂದಿನ ಸೀಟಿನವರೇ.

ಹರಪನಹಳ್ಳಿ ದಾಟಿ ಕೊಟ್ಟೂರಿನ ದಾರಿ ಹಿಡಿದೆವು. ಒಂದು ತಿರುವಿನಲ್ಲಿ ಹಿಂದೆ ಧಪ್ ಅಂತ ಸದ್ದಾಯಿತು.

"ಅವ್ವಾ, ಕಲ್ಲು ಕೆಳಗ ಬಿತ್ತು," ಅಂದಳು ಪವಿತ್ರಾ.

"ಬೀಳ್ಲಿ ಬಿಡು, ನೀ ಬಗ್ಗಬ್ಯಾಡ," ಅಂದೆ. ಬಸುರಿ ಬಗ್ಗಬಾರದು ಅನ್ನುವುದಷ್ಟೇ ತಲೆಯಲ್ಲಿತ್ತು. ಬದಿಗೆ ನಿಲ್ಲಿಸಿ ನಾನೇ ಇಳಿದು ನೋಡಬೇಕಿತ್ತು. ನೋಡಲಿಲ್ಲ.

ಮುಂದೆ ಸಣ್ಣ ಇಳಿಜಾರು. ಇಳಿಜಾರಿನ ತುದಿಗೆ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಹರವಿದ್ದರು. ನಮ್ಮ ಟಾರು ರಸ್ತೆ ಇರುವುದೇ ಅದಕ್ಕಲ್ಲವೇ, ಸಂಜೆ ಜೋಳ ಎತ್ತಿದ ಮೇಲೆ ವಾಹನಗಳೂ ಓಡಾಡಬಹುದು. ರಾಶಿಯ ಸುತ್ತ ಗಡಿಗೆ ದಪ್ಪ ದಪ್ಪ ಕಲ್ಲು. ಉಳಿದ ಅರ್ಧದಲ್ಲಿ ಎದುರಿನಿಂದ ಬಸ್ಸು ಬರುತ್ತಿತ್ತು. ನಾನು ಬ್ರೇಕ್ ಒತ್ತಿದೆ.

ಪೆಡಲ್ ಕೆಳಗೆ ಹೋಗಲಿಲ್ಲ.

ಮತ್ತೆ ಒತ್ತಿದೆ. ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಕಾಲಿನ ಕೆಳಗೆ ಏನೋ ಇದೆ. ಜೀವ ಬಾಯಿಗೆ ಬಂತು ಅನ್ನುತ್ತಾರಲ್ಲ, ಸುಳ್ಳು. ನನ್ನ ಜೀವ ಹಿಂದಿನ ಸೀಟಿನಲ್ಲಿತ್ತು. ಗೇರು ಇಳಿಸಿದೆ, ಮತ್ತೂ ಇಳಿಸಿದೆ. ಎಂಜಿನ್ ಊಳಿಟ್ಟಿತು. ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆಯದೆ ಸ್ವಲ್ಪ ಸ್ವಲ್ಪವೇ ಎಳೆದೆ. ಹಾರ್ನ್ ಬಾರಿಸುತ್ತಲೇ ಇದ್ದೆ. ಬಸ್ಸಿನವನು ಪುಣ್ಯಾತ್ಮ, ಅವನ ಬದಿಯ ಮಣ್ಣಿಗೆ ಇಳಿದ. ನನ್ನ ಕಾರು ಗಡಿಯ ಒಂದು ಕಲ್ಲಿಗೆ ಗುದ್ದಿ, ಜೋಳದ ರಾಶಿಗೆ ನುಗ್ಗಿ, ಧಡಕ್ಕನೆ ನಿಂತಿತು.

ತಿರುಗಿ ನೋಡಲು ಧೈರ್ಯ ಬರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಇಷ್ಟು ಹೆದರಿದ್ದಿಲ್ಲ.

"ಅವ್ವಾ, ನಾ ಚಲೋ ಅದೀನಿ," ಅಂದಳು ಮಗಳು. ಬೆಲ್ಟ್ ಅವಳನ್ನು ಹಿಡಿದಿತ್ತು. ಡಿಕ್ಕಿಯಲ್ಲಿ ಕೊಡ ಅಲುಗಾಡಿರಲಿಲ್ಲ.

ಜೋಳದ ಒಡತಿ ಹೊಲದಿಂದ ಓಡಿ ಬಂದಳು. "ಕಣ್ಣು ಕಾಣಂಗಿಲ್ಲೇನ್ರಿ? ರಾಶಿ ಮ್ಯಾಲ ಗಾಡಿ ಹತ್ತಸ್ತೀರಲ್ಲ!" ಅನ್ನುತ್ತಲೇ ಬಂದವಳು ಹಿಂದಿನ ಸೀಟು ನೋಡಿ ದನಿ ಇಳಿಸಿದಳು. "ಅಯ್ಯೋ ನಮ್ಮವ್ವಾ, ತುಂಬಿದ ಬಸುರಿ. ತಡೀರಿ, ನೀರು ತರ್ತೀನಿ."

ನಾನು ಇಳಿದು ಬಗ್ಗಿ ನೋಡಿದೆ. ಬ್ರೇಕ್ ಪೆಡಲ್ ಕೆಳಗೆ, ಅಳತೆ ಕೊಟ್ಟು ಮಾಡಿಸಿದ ಹಾಗೆ, ಮಾಗಳದ ಹೊಳೆಗಲ್ಲು ಕೂತಿತ್ತು. ಬಿದ್ದದ್ದು ಹಿಂದೆ. ಇಳಿಜಾರಿನಲ್ಲಿ ನನ್ನ ಸೀಟಿನ ಅಡಿಯಿಂದ ಉರುಳಿ ಮುಂದೆ ಬಂದಿತ್ತು. ಹೊಸ ಬ್ರೇಕ್ ಪ್ಯಾಡಿಗೆ ನಾನು ತೋರಿದ ಅಕ್ಕರೆಯೆಲ್ಲ ಆ ಕಲ್ಲಿನ ಮುಂದೆ ಸೊನ್ನೆ.

ನೀರು ತಂದ ಹೆಂಗಸು ಕೇಳಿದಳು. "ಕಲ್ಲು ಯಾಕ ಒಳಗ ಇಟ್ಕೊಂಡಿದ್ರಿ?"

"ಮೂರು ಮಂದಿ ಇದ್ವಿ ಅಂತ," ಗಿರಿಜಕ್ಕ ಹೇಳಿದಳು.

"ಹೌದ್ ನೋಡ್ರಿ, ಮೂರು ಮಂದಿ ಹೋಗಬಾರದು," ಅಂದಳು ಆಕೆ, ತಲೆ ಆಡಿಸುತ್ತ.

ನನಗೆ ಎಲ್ಲಿತ್ತೋ ಸಿಟ್ಟು. ಕಲ್ಲನ್ನು ಎತ್ತಿ ಎಸೆಯಲು ಕೈ ಬೀಸಿದೆ. ಗಿರಿಜಕ್ಕ ಮೊಣಕೈ ಹಿಡಿದಳು.

"ನಡುದಾರ್ಯಾಗ ಇಳಿಸಬ್ಯಾಡ್ರಿ ವೈನಿ! ಮತ್ತ ಮೂರು ಮಂದಿ ಆಗ್ತೀವಿ!"

ಆಗ ಪವಿತ್ರಾ ಕಾರಿನಿಂದ ಇಳಿದಳು. ನಿಧಾನವಾಗಿ ಬಂದು ನನ್ನ ಕೈಯಿಂದ ಕಲ್ಲು ತೆಗೆದುಕೊಂಡಳು. ರಾಶಿಯ ಗಡಿಯಲ್ಲಿ ನಮ್ಮ ಕಾರು ಗುದ್ದಿ ಖಾಲಿಯಾಗಿದ್ದ ಜಾಗದಲ್ಲಿ ಅದನ್ನು ಇಡಿಸಿದಳು. ಬಗ್ಗಲಿಲ್ಲ, ಜೋಳದ ಒಡತಿಯ ಕೈಗೆ ಕೊಟ್ಟಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಸೋದರತ್ತೆ ಗಿರಿಜಕ್ಕನ ಕಡೆ ತಿರುಗಿದಳು.

"ಗುದ್ದಿದಾಗ ಇದು ಒಳಗ ಜಾಡಿಸಿ ಒದೀತು ಅತ್ತಿ. ಇದು ಮಂದಿ ಅಲ್ಲಂದ್ರ ಮತ್ತ ಯಾರು? ನಾವು ನಾಲ್ಕು ಮಂದಿ ಅದೀವಿ. ನಡೀರಿ."

ಗಿರಿಜಕ್ಕ ಹೋಗಿ ಕಾರು ಹತ್ತಿದಳು. ನನಗೆ ಅಳು ಬಂತು, ಅಲ್ಲೇ ಜೋಳದ ಮೇಲೆ ನಿಂತು ಅತ್ತುಬಿಟ್ಟೆ. ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ ಕೂಸು ಆರಾಮಾಗಿದೆ ಅಂದ ಮೇಲೆಯೇ ಮನೆ ಕಡೆ ಹೊರಟದ್ದು.

ಮನೆ ಮುಟ್ಟಿ ಬೀಗರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ಅಜ್ಜಿಯೇ ಫೋನ್ ಕಸಿದುಕೊಂಡರು. ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಕ್ಷಮೆ ಕೇಳಿಯಾರು ಅಂತಲೂ ಒಂದು ಹುಚ್ಚು ಆಸೆ.

"ನೋಡಿದ್ರಿಲ್ಲೋ? ಕಲ್ಲು ಇತ್ತು ಅಂತ ಉಳಿದ್ರಿ. ಬರೇ ಮೂರು ಮಂದಿ ಹೊಂಟಿದ್ರ ಏನು ಗತಿ ಆಗ್ತಿತ್ತು!"

ಯಜಮಾನರು ಮರುದಿನ ಕಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರು, ಮುಂದಿನ ಗಾಜಿಗೆ ಸರಿಯಾಗಿ ಅಡ್ಡ ಬರುವ ಹಾಗೆ. ಬಿಚ್ಚಿ ಒಗೆದೆ.

ಈಗ ಕಾರು ಹತ್ತುವ ಮೊದಲು ಪ್ರತಿ ಸಲ ಬಾಗಿಲು ತೆಗೆದು, ಬಗ್ಗಿ, ಪೆಡಲ್‌ಗಳ ಕೆಳಗೆ ಕೈಯಾಡಿಸಿ ನೋಡುತ್ತೇನೆ. ಸೀಟಿನ ಅಡಿಯೂ ನೋಡುತ್ತೇನೆ. ಓಣಿಯವರಿಗೆ ಇದೊಂದು ಹೊಸ ತಮಾಷೆ. ನಿನ್ನೆ ಎದುರು ಮನೆಯಾಕೆ ಕಟ್ಟೆಯ ಮೇಲಿಂದಲೇ ಕೇಳಿದಳು.

"ಏನು ಕಳಕೊಂಡೀರಿ ಅಂತ ದಿನಾ ಹಂಗ ಹುಡುಕ್ತೀರ್ರಿ?"

"ಕಳಕೊಂಡಿಲ್ರಿ," ಅಂದೆ, "ಕಳಕೊಂಡ ಮ್ಯಾಲ ಹುಡುಕಿದ್ರ ಸಿಗ್ತಾಳೇನು?"