ಕಾಶವ್ವತ್ತಿಯ ಜೋಳದ ಕೂಸುಗಳು

ಕಾಶವ್ವತ್ತಿ ಒತ್ತಿ ನೋಡದೆ ಯಾವುದರ ಮೇಲೂ ಕೂತವಳಲ್ಲ. ಬಸ್ಸಿನ ಸೀಟಿರಲಿ, ಬೀಗರ ಮನೆಯ ಸೋಫಾ ಇರಲಿ, ಮೊದಲು ಅಂಗೈಯಿಂದ ಒತ್ತಿ, ಆಮೇಲೆ ಒಂದು ಸಲ ಗುದ್ದಿ, "ಹ್ಞಾಂ, ತಡೀತೈತಿ" ಎಂದು ತೀರ್ಪು ಕೊಟ್ಟೇ ಕೂರುತ್ತಿದ್ದಳು. ತಡೆಯಬೇಕಾದ ಭಾರವೂ ಸಣ್ಣದೇನಲ್ಲ. ಸಿಂದಗಿ ಬಸ್ಸಿನಲ್ಲಿ ಆಕೆ ಇಬ್ಬರ ಸೀಟಿಗೆ ಬಂದು ಕೂತರೆ ಪಕ್ಕದವರು ತಾವಾಗಿಯೇ ಬೇರೆ ಜಾಗ ಹುಡುಕಿಕೊಳ್ಳುತ್ತಿದ್ದರು.

ಆಕೆ ನನ್ನ ಅಪ್ಪನ ಅಕ್ಕ. ಮೋರಟಗಿಗೆ ಮದುವೆಯಾಗಿ ಹೋದವಳು ಗಂಡ ತೀರಿಕೊಂಡ ಮೇಲೆ ಸಿಂದಗಿಯ ನಮ್ಮ ಮನೆಗೇ ಬಂದಳು. ಮಕ್ಕಳಿರಲಿಲ್ಲ. ಹಾಗೆಂದು ಯಾರಾದರೂ ಅಯ್ಯೋ ಪಾಪ ಅಂದರೆ ಅವರ ಕತೆ ಮುಗಿಯಿತು. "ಹಡದಾಕಿ ಯಾರರ ಇರ್ಲಿ, ದವಾಖಾನಿಯಿಂದ ಮನಿಗಿ ತಂದಾಕಿ ನಾ" ಎನ್ನುತ್ತಿದ್ದಳು. ಅದು ನಿಜವೇ. ನಮ್ಮ ಮನೆತನದ ಕೂಸು ಯಾವುದೇ ಆಗಲಿ, ಮೊದಲ ಸಲ ಹೊಸ್ತಿಲು ದಾಟಿದ್ದು ದವಾಖಾನೆಯಿಂದ ಕಾಶವ್ವತ್ತಿಯ ತೊಡೆಯ ಮೇಲೆ ಬಂದೇ. ನಾನೂ ಹಾಗೆಯೇ ಬಂದವಳು. ಮನೆಯಲ್ಲಿ ಮುತ್ತೈದೆಯರ ಸೆರಗಿಗೆ ತೆಂಗಿನಕಾಯಿ, ಕಾಳು ಹಾಕಿ ಉಡಿ ತುಂಬುವ ಹೊತ್ತಿಗೆ ಮಾತ್ರ ಆಕೆಗೆ ಥಟ್ಟನೆ ಒಲೆಯ ನೆನಪಾಗುತ್ತಿತ್ತು. ಗಂಡ ಹೋದವಳಿಗೆ ಆ ಶಾಸ್ತ್ರ ಇಲ್ಲವೆಂದು ಯಾರೂ ಹೇಳುವ ಮೊದಲೇ ಅಡುಗೆಮನೆ ಸೇರಿಬಿಡುತ್ತಿದ್ದಳು.

ನನಗೆ ವಿಜಯಪುರದ ದವಾಖಾನೆಯಲ್ಲಿ ಅವಳಿ ಹೆಣ್ಣುಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದವು. ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದವು. ಇನ್ನು ತವರಿಗೆ ಕರೆದೊಯ್ಯಬಹುದು ಎನ್ನುವಾಗ ಡಾಕ್ಟರಮ್ಮ ಒಂದು ಷರತ್ತು ಹಾಕಿದರು. ಕಾರಿನಲ್ಲಿ ತೊಡೆಯ ಮೇಲೆ ಕೂಡದು, ಬ್ರೇಕು ಬಿದ್ದರೆ ಎಂಥ ಗಟ್ಟಿ ಕೈಯಿಂದಲೂ ಕೂಸು ಜಾರುತ್ತದೆ. ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂರಿಸುವ ಮಕ್ಕಳ ಸೀಟು ಬೇಕು. ಅದೂ ಸಿಕ್ಕಿದ್ದಲ್ಲ. ಇಷ್ಟು ಸಣ್ಣ ಕೂಸುಗಳಿಗೆ ಭುಜದ ಬೆಲ್ಟು ಭುಜಕ್ಕಿಂತ ಮೇಲಿಂದ ಬರಬಾರದು, ಕತ್ತು ಮುಂದಕ್ಕೆ ಬಾಗಬಾರದು, ಬಾಗಿದರೆ ಉಸಿರು ಕಟ್ಟುತ್ತದೆ. ಸೀಟು ತಂದ ಮೇಲೆ ಇಲ್ಲೇ ಕೂರಿಸಿ, ಉಸಿರು ನೋಡಿಯೇ ಕಳಿಸುತ್ತೇವೆ ಎಂದರು.

ಕಾಶವ್ವತ್ತಿಯ ಮುಖ ಕೆಂಪಾಯಿತು. "ಹಂಗಾರ ನನ್ನ ತೊಡಿ ಏನ ಬಾಡಗಿ ಬಿಡ್ಲೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸಿಂದಗಿ ಬಸ್ಸು ಹತ್ತಿದಳು.

ಮರುದಿನ ವಾಪಸ್ ಬಂದಾಗ ಮಾತು ಬೆಲ್ಲದಂತಿತ್ತು. "ಸೀಟ ಆರಸಾಕ ನಾನೂ ಬರ್ತೇನಿ ಸುನಂದಾ. ನಿಮಗ ಏನ್ ತಿಳೀತೈತಿ?" ಅತ್ತಿ ಇಷ್ಟು ಮೆತ್ತಗೆ ಮಾತಾಡಿದರೆ ಒಳಗೆ ಏನೋ ಬೇಯುತ್ತಿದೆ ಎಂದೇ ಅರ್ಥ. ಕಂಕುಳಲ್ಲಿ ಎರಡು ಕೂಸುಗಳಿದ್ದವು. ಎದ್ದು ಹೋಗಿ ಮುಸುಕು ಸರಿಸಿದೆ. ನೋಡಿದರೆ ಜೋಳ! ಮೋರಟಗಿ ಹೊಲದ ಜೋಳವನ್ನು ನನ್ನ ಮಕ್ಕಳಷ್ಟೇ ತೂಗಿ ಚೀಲಕ್ಕೆ ತುಂಬಿ, ಅರಳೆಯ ತಲೆ ಕಟ್ಟಿ, ಕುಂಚಿಗೆ ತೊಡಿಸಿದ್ದಳು. ಸಿಸ್ಟರನ್ನು ಪುಸಲಾಯಿಸಿ ಮಕ್ಕಳ ಕುಂಡೆಯಿಂದ ಭುಜದವರೆಗೆ ದಾರದಿಂದ ಅಳತೆಯನ್ನೂ ತೆಗೆಸಿಕೊಂಡಿದ್ದಳಂತೆ. "ಪರೀಕ್ಷಾ ಮಾಡ್ದ ನಾ ಒಂದ ಕೊಡಾ ಸೈತ ತಗೊಂಡಾಕಿ ಅಲ್ಲ" ಎಂದಳು. ನನಗೆ ಆಟ ತಿಳಿಯಿತು. ಇದ್ದಬದ್ದ ಸೀಟನ್ನೆಲ್ಲ ನಪಾಸು ಮಾಡುವುದು, ಕೊನೆಗೆ ತೊಡೆಯೇ ಗತಿ ಎನ್ನಿಸುವುದು.

ವಿಜಯಪುರದಲ್ಲೇ ಮಕ್ಕಳ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವನು ಕುಂಚಿಗೆ ನೋಡಿ ದನಿ ತಗ್ಗಿಸಿದ. "ಮಕ್ಕೊಂಡಾವೇನ್ರಿ ಅಮ್ಮಾರ?"

"ಹೌದಪಾ, ಈಗರ ಕಣ್ಣ ಮುಚ್ಚ್ಯಾವ. ಗದ್ಲಾ ಮಾಡಬ್ಯಾಡ" ಎಂದಳು ಅತ್ತಿ, ಮುಖದ ಒಂದು ಗೆರೆಯೂ ಅಲುಗದಂತೆ. ನನ್ನ ಗಂಡ ಸಿದ್ದು ಕೆಮ್ಮುತ್ತ ಹೊರಗೆ ಹೋದ.

ಮೊದಲ ಸೀಟಿನಲ್ಲಿ ಬೆಲ್ಟು ಜೋಳದ ಕೂಸಿನ ಕಿವಿಯ ಮೇಲಿಂದ ಬಂತು. "ಕಿವಿಗೆ ಪಟ್ಟಾ ಕಟ್ಟಾಕ ಇದೇನ ಎತ್ತೇನೋ?" ಎರಡನೆಯದು ಸಡಿಲಾಯಿತೆಂದು ಅವನು ಬೆನ್ನಿಗೊಂದು ದಪ್ಪ ದಿಂಬು ತುರುಕಿದ. ಕೂಸಿನ ತಲೆ ಎದೆಗೆ ಬಿತ್ತು. "ಗಲ್ಲಾ ಎದಿಗಿ ಬಡೀತು. ಇನ್ನ ಉಸರಾ ನಿಮ್ಮಪ್ಪ ಆಡ್ತಾನ?" ಮೂರನೆಯದು ಚೆನ್ನಾಗಿಯೇ ಇತ್ತು. ಆದರೆ ನಮ್ಮ ಸಣ್ಣ ಕಾರಿನಲ್ಲಿ ಅಂಥವೆರಡನ್ನು ಪಕ್ಕಪಕ್ಕ ಇಟ್ಟರೆ ಬಾಗಿಲು ಹಾಕಲಾಗಲಿಲ್ಲ. ಒಂದನ್ನು ಡ್ರೈವರ್ ಪಕ್ಕ ಇಡಿ ಎಂದ. "ಮುಂದ ಗಾಳಿ ಚೀಲ ಐತಿ. ಅದು ಉಬ್ಬಿ ಬಡದ್ರ ಕೂಸ ಉಳೀತೈತೇನು?" ಎಂದು ಡಾಕ್ಟರಮ್ಮನ ಮಾತನ್ನೇ ತನ್ನದೆಂಬಂತೆ ಹೊಡೆದಳು. ಅವಳ ಕಣ್ಣಲ್ಲಿ ಗೆದ್ದ ಕಳೆ ಬಂದಿತ್ತು. ನನಗೆ ಅಳು ಬಂದಿತ್ತು. ಮಕ್ಕಳು ಮನೆಗೆ ಬರುವುದು ಹೇಗೆ?

ಅಷ್ಟರಲ್ಲಿ ಅವನು ಬೆಲ್ಟು ಜಗ್ಗಿದ ರಭಸಕ್ಕೆ ಒಂದು ಕೂಸಿನ ಹೊಲಿಗೆ ಬಿಚ್ಚಿ, ಜೋಳ ಸುರಸುರನೆ ನೆಲಕ್ಕೆ ಸುರಿಯಿತು. "ಯಪ್ಪೋ, ಕೂಸು!" ಎಂದವನೇ ಗೋಡೆಗೆ ಒರಗಿದ.

"ಏನೂ ಆಗಿಲ್ಲ, ಹೊಟ್ಟಿ ಸಡ್ಲಾಗೈತಿ" ಎಂದು ಅತ್ತಿ ಕಳ್ಳನಗೆ ನಗುತ್ತ ಕೂತು ಕಾಳು ಬಳಿದು ತುಂಬಿ ಪಿನ್ನು ಹಾಕಿದಳು. ನಕ್ಕು ನಕ್ಕು ನನ್ನ ಹೆರಿಗೆಯ ಹೊಲಿಗೆಗಳೂ ನೋಯುತ್ತಿದ್ದವು. ಅವನೂ ಸುಧಾರಿಸಿಕೊಂಡು ನಕ್ಕ. ನಕ್ಕವನು ಒಳಗಿನಿಂದ ಧೂಳು ಒರೆಸುತ್ತ ಇನ್ನೊಂದು ಸೀಟು ತಂದ. ಸಣ್ಣ ಕೂಸುಗಳದೇ, ಅಗಲ ಕಡಿಮೆ, ನೋಡಲು ಸಪ್ಪೆ, ಯಾರೂ ಕೇಳುವುದಿಲ್ಲವಂತೆ.

ಜೋಳದ ಕೂಸು ಅದರಲ್ಲಿ ಹೊಂದಿ ಕೂತಿತು. ಅತ್ತಿ ದಾರ ಹಿಡಿದಳು, ಬೆಲ್ಟು ಭುಜದ ಕೆಳಗೇ ಇತ್ತು. ಕಾಲ ನಡುವಿನ ಪಟ್ಟಿಯೂ ಬಿಗಿ. ಓರೆ ಮಾಡಿದಳು, ಅಲುಗಿಸಿದಳು, ಗುದ್ದಿದಳು. ತಲೆ ಮುಂದಕ್ಕೆ ಬೀಳಲಿಲ್ಲ. ಕಾರಿನಲ್ಲಿ ಎರಡಿಟ್ಟರೂ ಬಾಗಿಲು ಮುಚ್ಚಿತು, ನಡುವೆ ಸ್ವಲ್ಪ ಜಾಗವೂ ಉಳಿಯಿತು. ಸರಿಯಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ನಾವು ನಂಬುತ್ತಿದ್ದೆವು. ಅದು ಅವಳಿಗೂ ಗೊತ್ತಿತ್ತು. ಕುಂಚಿಗೆ ಸರಿಮಾಡುತ್ತ, ನನ್ನ ಮುಖ ನೋಡದೆ, "ಇದು ಆಕ್ಕೈತಿ. ಎರಡು ಕಟ್ಟು" ಎಂದಳು. ಆ ಹೊತ್ತು ಅವಳ ಮೇಲೆ ಹುಟ್ಟಿದ ಪ್ರೀತಿ ನನಗೆ ಇಂದಿಗೂ ಆರಿಲ್ಲ.

ದವಾಖಾನೆಯಲ್ಲಿ ಎರಡನ್ನೂ ಸೀಟಿನಲ್ಲಿ ಕೂರಿಸಿ ನೋಡಿದರು. ಉಸಿರು ಸರಿಯಿತ್ತು. ಹೊರಡುವಾಗ ಅತ್ತಿ ಹೇಗೋ ಒತ್ತಿಕೊಂಡು ಆ ಎರಡು ಸೀಟುಗಳ ನಡುವೆ ಹೊಕ್ಕಳು. ದೇವರಹಿಪ್ಪರಗಿ ದಾಟುವವರೆಗೂ ಎರಡೂ ಕೈಯ ಬೆರಳು ಎರಡೂ ಮೂಗಿನ ಹತ್ತಿರ. ತೊಡೆಯ ಮೇಲೆ ಜೋಳದ ಕೂಸುಗಳು.

"ಅವ್ಯಾಕ ಅತ್ತಿ?" ಎಂದೆ.

"ಖಾಲಿ ತೊಡೀಲಿ ನಾ ಹೊಸ್ತಲಾ ದಾಟಾಂಗಿಲ್ಲ."

ಬಾಗಿಲಲ್ಲಿ ಅವ್ವ ಜೋಳದ ಭಾಕ್ರಿಯ ತುಂಡು ನಿವಾಳಿಸಲು ಬಂದಳು. ಅತ್ತಿ ಜೋಳದವನ್ನೂ ಮುಂದೆ ಹಿಡಿದಳು. ಅವ್ವ ಬೈಯುತ್ತಲೇ ನಾಲ್ಕಕ್ಕೂ ದೃಷ್ಟಿ ತೆಗೆದಳು.

ಆಮೇಲೆ ಸುತ್ತಲಿನವರು ಸಣ್ಣ ಕೂಸಿಗೆ ಸೀಟು ತರಬೇಕೆಂದರೆ ಅತ್ತಿಯ ಜೋಳದ ಕೂಸುಗಳನ್ನು ಕಡ ಕೇಳುವ ಪದ್ಧತಿಯೇ ಬಿತ್ತು. ಆಯಾ ಕೂಸಿನ ತೂಕಕ್ಕೆ ಕಾಳು ಹಾಕಿ, ತೆಗೆದು ಮಾಡುತ್ತಿದ್ದಳು. ಪ್ರತಿ ಸುಗ್ಗಿಗೆ ಹೊಸ ಜೋಳ ತುಂಬುತ್ತಿದ್ದಳು, ನುಸಿ ಹತ್ತಬಾರದೆಂದು ಬೇವಿನೆಲೆಯನ್ನೂ ಹಾಕುತ್ತಿದ್ದಳು. ನನ್ನ ಮಕ್ಕಳು ಮಾತು ಕಲಿತ ಮೇಲೆ ಕಾರು ಹತ್ತಿದ ಕೂಡಲೇ, "ಆಯಿ, ಪಟ್ಟಾ ಹಾಕ್ಕೊ" ಎಂದು ಅವಳನ್ನೇ ಜಬರಿಸುತ್ತಿದ್ದವು. ಗೊಣಗುತ್ತಲೇ ಹಾಕಿಕೊಳ್ಳುತ್ತಿದ್ದಳು.

ಅವಳನ್ನು ಕಡೆಯ ಸಲ ನೋಡಿದ್ದು ಹೋದ ವರ್ಷ, ನಾನು ತವರಿನಿಂದ ಗಂಡನೂರು ಇಂಡಿಗೆ ಹೊರಟ ದಿನ. ತುಂಬಾ ಇಳಿದುಹೋಗಿದ್ದಳು. ಬಸ್ಸಿನಲ್ಲೀಗ ಅವಳಿಗೆ ಒಬ್ಬರ ಸೀಟೂ ಹೆಚ್ಚಾಗುತ್ತಿತ್ತು. ಅವ್ವ ನನಗೆ ಉಡಿ ತುಂಬಲು ಮೊರ ತಂದಳು. ಅತ್ತಿಗೆ ಒಲೆಯ ನೆನಪಾಯಿತು. ನಾನು ಹಿಂದೆಯೇ ಹೋದೆ. ಒಲೆ ಆರಿತ್ತು. ಗೋಡೆಯ ಗೂಡಿನಲ್ಲಿದ್ದ ಜೋಳದ ಕೂಸನ್ನು ಇಳಿಸಿ, ಹೊಲಿಗೆ ಬಿಚ್ಚಿ, ಅವಳ ಸೆರಗಿಗೆ ಸುರಿಯತೊಡಗಿದೆ.

"ಏ ಹುಚ್ಚಿ, ನನಗ ಉಡಿ ತುಂಬ್ತೀಯೇನ? ಮಂದಿ ಏನಂದಾರು?"

"ಮಂದಿ ಹೊರಗ ಅದಾರ."

ಮುಂದಿನ ಸುಗ್ಗಿಯ ಜೋಳ ಬರುವಷ್ಟರಲ್ಲಿ ಅವಳೇ ಇರಲಿಲ್ಲ. ಆದರೆ ಅಂದು ಕಣ್ಣಲ್ಲಿ ನೀರು ತುಂಬಿಕೊಂಡೇ ಅವಳ ಮುಖದ ಮೇಲೆ ಅಂಗಡಿಯಲ್ಲಿ ಕಂಡ ಆ ಕಳ್ಳನಗೆ ಬಂತು. ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು.

"ಹಂಗಾರ ಇನ್ನೊಂದೂ ಹಾಕು. ಒಂದನ್ನ ಎತ್ಕೊಂಡು ಒಂದನ್ನ ಬಿಟ್ರ ಅಳತೈತಿ."